ಕಂಪ್ಯೂಟರ್‌ನಲ್ಲಿರುವ ವಿಡಿಯೋಗಳನ್ನು ಮನೆಯ ಎಲ್ಲ ಟಿವಿಗಳಲ್ಲೂ ನೋಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಚಿತ್ರದುರ್ಗದಲ್ಲಿ ನಿಮ್ಮದು ಮಹಡಿ ಮನೆ, ಮೂರು ಟಿವಿ ಇವೆ. ಮದುವೆ ವಿಡಿಯೋ, ಮಕ್ಕಳ ವಿಡಿಯೋ ಎಲ್ಲ ಒಂದೇ ಕಂಪ್ಯೂಟರ್‌ನಲ್ಲಿವೆ. ಪ್ರತಿ ಸಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮೇಲೆ ಕೆಳಗೆ ಓಡಾಡಿ ಸಾಕಾಗಿದೆ, ವೈಫೈ ಮೂಲಕ ಹಾಕಿದರೆ ನಿಂತು ನಿಂತು ಬರುತ್ತದೆ, ಹಾಗಾದರೆ ಹೊಸ ಟಿವಿ ತಗೋಬೇಕಾ ಅಂತ ಕೇಳಿದ್ದೀರಿ.

ಬೇಡ. ಟಿವಿಗೆ ದುಡ್ಡು ಹಾಕಬೇಡಿ. ಮೊದಲು ಒಂದು ಲ್ಯಾನ್ ಕೇಬಲ್ ತಂದು ಕಂಪ್ಯೂಟರ್‌ನಿಂದ ರೌಟರ್‌ಗೆ ಎಳೆಯಿರಿ. ಮಿಕ್ಕಿದ್ದೆಲ್ಲ ಆಮೇಲೆ.

ಯಾಕೆ ಅಂತ ನಮ್ಮ ಮನೆಯದನ್ನೇ ಹೇಳುತ್ತೇನೆ. ದಾವಣಗೆರೆ ನಿಟುವಳ್ಳಿಯಲ್ಲಿ ನಮ್ಮದು ಕೆಳಗೊಂದು ಮೇಲೊಂದು ಅಂತಸ್ತಿನ ಮನೆ. ಕಂಪ್ಯೂಟರ್ ಮೇಲಿನ ರೂಮಿನಲ್ಲಿ. ರೌಟರ್ ಕೆಳಗೆ ಹಾಲ್‌ನಲ್ಲಿ ಬಾಗಿಲ ಪಕ್ಕ, ಫೈಬರ್ ವೈರ್ ಒಳಗೆ ಬಂದದ್ದೇ ಅಲ್ಲಿ. ಒಂದು ಟಿವಿ ಹಾಲ್‌ನಲ್ಲಿ, ಇನ್ನೊಂದು ಮೇಲೆ, ಮೂರನೆಯದು ಹಿಂದಿನ ಕೋಣೆಯಲ್ಲಿ, ಅಜ್ಜಿಗೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ನೆಂಟರೆಲ್ಲ ಸೇರಿದಾಗ 2008ರ ಅಕ್ಕನ ಮದುವೆ ವಿಡಿಯೋ ಹಾಕು ಅಂತ ಒಬ್ಬರಲ್ಲ ಒಬ್ಬರು ಕೇಳೇ ಕೇಳುತ್ತಾರೆ. ಒಂದು ಸಲ ಅಜ್ಜಿಯ ಕೋಣೆಯಲ್ಲಿ ಹಾಕಿದ್ದೆ. ತೀರಿಹೋದ ನಮ್ಮ ಅಜ್ಜ ಅದರಲ್ಲಿ ಇರುವುದು ಸ್ವಲ್ಪ ಹೊತ್ತು ಮಾತ್ರ: ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ರುಮಾಲು ಸರಿಮಾಡಿಕೊಳ್ಳುತ್ತಾ ಮಂಟಪದ ಕಡೆ ನೋಡುತ್ತಾರೆ. ಸರಿಯಾಗಿ ಆ ಹೊತ್ತಿಗೇ ಪರದೆ ನಿಂತು ಬಿಳಿ ಚಕ್ರ ತಿರುಗೋಕೆ ಶುರುವಾಯಿತು. "ಯಾಕಪ್ಪಾ, ನಿಂತೇ ಹೋಯ್ತಲ್ಲ" ಅಂತ ಅಜ್ಜಿ ನನ್ನ ಮುಖ ನೋಡಿದರು. ಅವತ್ತೇ ಇದನ್ನು ಸರಿ ಮಾಡಲೇಬೇಕು ಅಂತ ಕೂತೆ.

ತಪ್ಪು ಇದ್ದದ್ದು ಇಲ್ಲಿ. ವಿಡಿಯೋ ಕಂಪ್ಯೂಟರ್‌ನಿಂದ ನೇರ ಟಿವಿಗೆ ಹೋಗುವುದಿಲ್ಲ. ಮೊದಲು ರೌಟರ್‌ಗೆ ಬರುತ್ತದೆ, ಅಲ್ಲಿಂದ ಟಿವಿಗೆ. ಎರಡೂ ಕಡೆ ವೈಫೈ ಇದ್ದರೆ, ಅದೂ ಒಂದೇ ಬ್ಯಾಂಡ್‌ನಲ್ಲಿ (2.4 ಅಥವಾ 5 ಗಿಗಾಹರ್ಟ್ಸ್), ಒಂದೇ ವಿಡಿಯೋ ಒಂದೇ ಗಾಳಿಯಲ್ಲಿ ಎರಡು ಸಲ ಓಡಬೇಕು, ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮಲ್ಲಿ ಮೇಲಿನಿಂದ ಆರ್‌ಸಿಸಿ ದಾಟಿ ಕೆಳಗೆ ಬಂದು, ಮತ್ತೆ ಎರಡು ಗೋಡೆ ದಾಟಿ ಹಿಂದಿನ ಕೋಣೆಗೆ ಹೋಗಬೇಕಿತ್ತು. 15 ಮೀಟರಿನ ಕ್ಯಾಟ್ 6 ಲ್ಯಾನ್ ಕೇಬಲ್ ತಂದು, ಮೆಟ್ಟಿಲ ಗೋಡೆಯ ಅಂಚಿಗೆ ಕ್ಲಿಪ್ ಹೊಡೆದು ಕಂಪ್ಯೂಟರ್‌ಗೂ ರೌಟರ್‌ಗೂ ಸೇರಿಸಿದೆ. ಅಷ್ಟೇ. ಅವತ್ತು ರಾತ್ರಿ ಅದೇ ವಿಡಿಯೋ ಒಂದು ಸಲವೂ ನಿಲ್ಲಲಿಲ್ಲ. ನಿಮಗೆ ವೈರ್ ಎಳೆಯೋಕೆ ಆಗಲ್ಲ ಅಂದ್ರೆ ಕಂಪ್ಯೂಟರನ್ನೇ ರೌಟರ್ ಪಕ್ಕಕ್ಕೆ ತಂದಿಡಿ.

ಟಿವಿ ಕಡೆ ವೈಫೈ ಇರಲಿ, ಪರವಾಗಿಲ್ಲ. ರೌಟರ್ ಇರುವ ಕೋಣೆಯ ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ, ವೇಗ ಜಾಸ್ತಿ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್, ಅದು ಗೋಡೆ ದಾಟುವುದರಲ್ಲಿ ಗಟ್ಟಿ. ಮದುವೆ ಡಿವಿಡಿಗೆ ಬೇಕಾಗಿರುವುದು ಸೆಕೆಂಡಿಗೆ 10 ಮೆಗಾಬಿಟ್‌ಗಿಂತ ಕಡಿಮೆ, ಮೊಬೈಲಿನ ಫುಲ್ ಎಚ್‌ಡಿ ವಿಡಿಯೋಗೆ ಸುಮಾರು 20. ಮೊಬೈಲಿನಲ್ಲಿ 4ಕೆ ತೆಗೆದಿದ್ದರೆ 50ರ ಆಸುಪಾಸು ಬೇಕಾಗುತ್ತದೆ, ಆಗ ಆ ಟಿವಿಗೂ ಒಂದು ವೈರ್ ಎಳೆಯೋದೇ ಒಳ್ಳೇದು. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ: ಇದಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ. ರೌಟರ್ ಆನ್ ಇದ್ದರೆ ಸಾಕು. ರೀಚಾರ್ಜ್ ಮುಗಿದಿದ್ದರೂ ನಿಮ್ಮ ಮನೆಯ ವಿಡಿಯೋ ನಿಮ್ಮ ಮನೆಯೊಳಗೆ ಓಡುತ್ತದೆ, ಡೇಟಾ ಖರ್ಚಾಗುವುದಿಲ್ಲ.

ಈಗ ಸಾಫ್ಟ್‌ವೇರ್. ನಿಮ್ಮದು ಆಂಡ್ರಾಯ್ಡ್ ಟಿವಿ ಆಗಿದ್ದರೆ ಸುಲಭದ ದಾರಿ ವಿಎಲ್‌ಸಿ, ಅಂದರೆ ವಿಡಿಯೋ ಓಡಿಸುವ ಉಚಿತ ಆ್ಯಪ್. ಕಂಪ್ಯೂಟರ್‌ನಲ್ಲಿ ವಿಡಿಯೋ ಇರುವ ಫೋಲ್ಡರನ್ನು ಶೇರ್ ಮಾಡಿ, ಟಿವಿಯಲ್ಲಿ ವಿಎಲ್‌ಸಿ ಹಾಕಿಕೊಂಡು ಲೋಕಲ್ ನೆಟ್‌ವರ್ಕ್ ನೋಡಿದರೆ ಫೋಲ್ಡರ್ ಅಲ್ಲೇ ಕಾಣುತ್ತದೆ. ಬೇರೆ ಕಂಪನಿಯ ಸ್ಮಾರ್ಟ್ ಟಿವಿಗಳಲ್ಲಿ ಹೆಚ್ಚಿನವಕ್ಕೆ ಡಿಎಲ್‌ಎನ್‌ಎ ಬರುತ್ತದೆ, ಮನೆಯ ನೆಟ್‌ವರ್ಕ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ವಿಡಿಯೋ ಕಳಿಸುವ ವಿಧಾನ ಅದು. ಆ ಹೆಸರಿನ ಕಂಪನಿಗಳ ಕೂಟ 2003ರಲ್ಲಿ ಶುರುವಾಗಿ 2017ರಲ್ಲಿ ಮುಚ್ಚಿತು, ಆದರೆ ಅದು ಮಾಡಿಟ್ಟ ವಿಧಾನ ಟಿವಿಗಳಲ್ಲಿ ಈಗಲೂ ಇದೆ. ವಿಂಡೋಸ್‌ನಲ್ಲಿ ಮೀಡಿಯಾ ಸ್ಟ್ರೀಮಿಂಗ್ ಅಂತ ಹುಡುಕಿ ಆನ್ ಮಾಡಿದರೆ ಟಿವಿಯ ಸೋರ್ಸ್ ಪಟ್ಟಿಯಲ್ಲಿ ಕಂಪ್ಯೂಟರ್ ಹೆಸರು ಬರಬೇಕು. ಬರದಿದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ, ವಿಂಡೋಸ್ ನಿಮ್ಮ ನೆಟ್‌ವರ್ಕನ್ನು ಪಬ್ಲಿಕ್ ಅಂದುಕೊಂಡಿರುತ್ತದೆ. ಪ್ರೈವೇಟ್ ಮಾಡಿ.

ನಾನು ಬಳಸುವುದು ಜೆಲ್ಲಿಫಿನ್, ಕಂಪ್ಯೂಟರಿನ ವಿಡಿಯೋಗಳನ್ನು ಟಿವಿಗಳಿಗೆ ಕಳಿಸುವ ಸಾಫ್ಟ್‌ವೇರ್. ಪೂರ್ತಿ ಉಚಿತ, 2018ರ ಕೊನೆಗೆ ಶುರುವಾದದ್ದು. ಕಂಪ್ಯೂಟರ್‌ನಲ್ಲಿ ಒಂದು ಸಲ ಹಾಕಿ ಫೋಲ್ಡರ್ ತೋರಿಸಿದರೆ ಚಿತ್ರದ ಸಮೇತ ಪಟ್ಟಿ ಮಾಡಿಕೊಡುತ್ತದೆ. ಆಂಡ್ರಾಯ್ಡ್ ಟಿವಿ, ಫೈರ್ ಟಿವಿ, ಎಲ್‌ಜಿ ಟಿವಿಗಳಿಗೆ ಆ್ಯಪ್ ಇದೆ. ಅರ್ಧ ನೋಡಿ ಬಿಟ್ಟದ್ದನ್ನು ಇನ್ನೊಂದು ಕೋಣೆಯಲ್ಲಿ ಅಲ್ಲಿಂದಲೇ ಮುಂದುವರಿಸಬಹುದು, ನಮ್ಮ ಅಪ್ಪಾಜಿಗೆ ಅದೊಂದೇ ಸಾಕಾಯಿತು. ಟಿವಿಯಲ್ಲಿ ಒಂದೇ ಸಲ ಕಂಪ್ಯೂಟರಿನ ಐಪಿ ವಿಳಾಸ (ಮನೆಯ ನೆಟ್‌ವರ್ಕ್‌ನಲ್ಲಿ ಅದಕ್ಕೆ ಸಿಗುವ ನಂಬರ್), ಆಮೇಲೆ 8096 ಅಂತ ಪೋರ್ಟ್ ನಂಬರ್ ಕೊಡಬೇಕು. ಆ ವಿಳಾಸ ಆಗಾಗ ಬದಲಾಗದ ಹಾಗೆ ರೌಟರ್‌ನಲ್ಲಿ ಕಂಪ್ಯೂಟರ್‌ಗೆ ಕಾಯಂ ಐಪಿ ಕೊಟ್ಟುಬಿಡಿ. ಸ್ಮಾರ್ಟ್ ಅಲ್ಲದ ಹಳೆಯ ಟಿವಿ ಇದ್ದರೆ, ಎಚ್‌ಡಿಎಂಐ ಪೋರ್ಟ್ ಇದೆಯಾ ನೋಡಿ. ಇದ್ದರೆ ಫೈರ್ ಟಿವಿಯಂಥ ಒಂದು ಸ್ಟಿಕ್ ಸಿಕ್ಕಿಸಿದರೆ ಸಾಕು.

"ಕೆಲವು ಫೈಲ್ ಓಡುತ್ತೆ, ಕೆಲವು ಓಡಲ್ಲ" ಅಂತಲೂ ಬರೆದಿದ್ದೀರಿ. ಎಂಪಿ4, ಎಂಕೆವಿ ಅನ್ನೋದು ಬರೀ ಡಬ್ಬಿ. ಒಳಗಿರುವ ಪಲ್ಯ, ಅಂದರೆ ಚಿತ್ರ ಮತ್ತು ಧ್ವನಿಯನ್ನು ಕುಗ್ಗಿಸಿಟ್ಟ ವಿಧಾನ (ಕೋಡೆಕ್), ಯಾವುದು ಅನ್ನುವುದೇ ಮುಖ್ಯ. 2003ರಲ್ಲಿ ಬಂದ ಎಚ್.264 ಆದರೆ ಸ್ಮಾರ್ಟ್ ಟಿವಿಗಳಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲದೆ ಓಡುತ್ತದೆ. 2013ರ ಎಚ್‌ಇವಿಸಿ ಹಳೆಯ ಟಿವಿಗಳಿಗೆ ತಿಳಿಯುವುದಿಲ್ಲ, ಈಗಿನ ಎಷ್ಟೋ ಮೊಬೈಲ್‌ಗಳು ಅದರಲ್ಲೇ ವಿಡಿಯೋ ತೆಗೆಯುತ್ತವೆ. ಚಿತ್ರ ಬಂದು ಧ್ವನಿ ಬರದಿದ್ದರೆ ಆಡಿಯೋ ಡಿಟಿಎಸ್ ಅನ್ನುವ ಕೋಡೆಕ್‌ನಲ್ಲಿ ಇರಬಹುದು, ಕೆಲವು ಟಿವಿಗಳಲ್ಲಿ ಅದು ಇಲ್ಲ. ಅಂಥ ಹೊತ್ತಿನಲ್ಲಿ ಜೆಲ್ಲಿಫಿನ್ ಓಡಿಸುತ್ತಲೇ ಬದಲಿಸಿ ಕಳಿಸುತ್ತದೆ. ಹಳೆಯ ಕಂಪ್ಯೂಟರ್ ಆದರೆ ಚಿತ್ರ ಬದಲಿಸುವಾಗ ಫ್ಯಾನ್ ಜೋರಾಗಿ ಕೂಗಿ ಮತ್ತೆ ನಿಂತು ನಿಂತು ಬರುತ್ತದೆ. ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಎಚ್.264ಗೆ ಬದಲಿಸಿ ಇಟ್ಟುಕೊಳ್ಳೋದು ಎಷ್ಟೋ ವಾಸಿ.

ಮದುವೆ ಡಿವಿಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಅದು ಹೋದರೆ ಮತ್ತೆ ಸಿಗುವುದಿಲ್ಲ. ಡಿಸ್ಕ್ ತೆರೆದರೆ ಒಳಗೆ ವಿಒಬಿ ಅನ್ನುವ ಫೈಲ್‌ಗಳು, ಒಂದೊಂದು 1 ಜಿಬಿ ಒಳಗೆ ತುಂಡಾಗಿರುತ್ತವೆ. ಹಾಗೇ ಕಾಪಿ ಮಾಡಿ ಟಿವಿಗೆ ಹಾಕಿದರೆ ತುಂಡು ತುಂಡಾಗೇ ಬರುತ್ತದೆ. ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರ್ ಆ ತುಂಡುಗಳನ್ನು ಗುಣಮಟ್ಟ ಕೆಡಿಸದೆ ಒಂದೇ ಫೈಲ್ ಮಾಡಿಕೊಡುತ್ತದೆ. ಯಾರಾದರೂ ಓಡಾಡಿದಾಗ ಸೀರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುತ್ತದೆ ಅಲ್ವಾ, ಅದು ಇಂಟರ್‌ಲೇಸ್, ಅಂದರೆ ಚಿತ್ರವನ್ನು ಒಂದು ಬಿಟ್ಟು ಒಂದು ಗೆರೆಯಾಗಿ ಎರಡು ಸಲಕ್ಕೆ ತೆಗೆದದ್ದು. ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಗುಣಮಟ್ಟದ ಆರ್‌ಎಫ್ 20ಕ್ಕೆ ಇಡಿ, ಗೆರೆ ಹೋಗುತ್ತದೆ. ಮೂಲ ಫೈಲ್ ಮಾತ್ರ ಅಳಿಸಬೇಡಿ. ನಮ್ಮ ಮೂರು ಡಿಸ್ಕ್‌ಗಳಲ್ಲಿ ಎರಡನೆಯದರ ಕೊನೆಯ ಭಾಗವನ್ನು ನನ್ನ ಡ್ರೈವ್ ಓದಲೇ ಇಲ್ಲ, ಗೀರು ಬಿದ್ದಿತ್ತು. ಬೀಗರ ಮನೆಯಲ್ಲಿದ್ದ ಅದೇ ಡಿಸ್ಕ್ ತರಿಸಿ ತೆಗೆದುಕೊಂಡೆ. ಹಾಗಾಗಿ ಇವತ್ತೇ ಕಾಪಿ ಮಾಡಿ, ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಇಡಿ.

ಪೆನ್‌ಡ್ರೈವ್ ಪೂರ್ತಿ ಬಿಡಬೇಕಾಗಿಲ್ಲ, ನೆಂಟರ ಮನೆಗೆ ಒಯ್ಯೋಕೆ ಬೇಕು. ಅದರ ಫಾರ್ಮ್ಯಾಟ್ ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ ಅಂತ ನೆನಪಿರಲಿ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ನಮ್ಮ ಹಳೆಯ ಟಿವಿಯಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಜೆಲ್ಲಿಫಿನ್‌ಗೆ ಬಂದ ಮೇಲೆ ಅಜ್ಜಿಯ ಕೋಣೆಯ ಟಿವಿಯಲ್ಲಿ "ಅಕ್ಕನ ಮದುವೆ 2008" ಅಂತ ಚೆನ್ನಾಗಿ ಬರುತ್ತದೆ.

ಕಂಪ್ಯೂಟರ್ ನಿದ್ದೆ ಹೋದರೆ ಟಿವಿಯಲ್ಲಿ ಏನೂ ಕಾಣಲ್ಲ, ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ತೆಗೆದುಬಿಡಿ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಡೆಸ್ಕ್‌ಟಾಪ್ ಆದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ತಾನಾಗೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿಡಿ, ಇಲ್ಲದಿದ್ದರೆ ನೀವು ಊರಲ್ಲಿ ಇಲ್ಲದ ದಿನ ಮನೆಯವರು ಫೋನ್ ಮಾಡುತ್ತಾರೆ.

ಇಷ್ಟು ಮಾಡಿದ ಮೇಲೂ ಯಾವುದಾದರೂ ಫೈಲ್ ಓಡದಿದ್ದರೆ, ಅದನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಅಲ್ಲಿ ಕೋಡೆಕ್ ಅಂತ ಎರಡು ಸಾಲು ಕಾಣುತ್ತವೆ, ಒಂದು ಚಿತ್ರದ್ದು, ಒಂದು ಧ್ವನಿಯದ್ದು. ಆ ಎರಡು ಸಾಲು, ಜೊತೆಗೆ ಟಿವಿಯ ಮಾಡೆಲ್ ನಂಬರ್ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.