ಸ್ಕೂಬಾಗೆ ಜಾಕೆಟ್ ಬಿಸಿಡಿ ಒಳ್ಳೆಯದೋ, ಬ್ಯಾಕ್‌ಪ್ಲೇಟ್-ವಿಂಗೋ?

ಬಿಸಿಡಿ ಅಂದರೆ ನೀರಲ್ಲಿ ತೇಲುವುದು-ಮುಳುಗುವುದನ್ನು ಹದಗೊಳಿಸಲು ಡೈವರ್ ತೊಡುವ, ಗಾಳಿ ತುಂಬುವ ಸಾಧನ. ಜಾಕೆಟ್ ಅಂಗಿಯಂತಿರುತ್ತದೆ; ಬ್ಯಾಕ್‌ಪ್ಲೇಟ್-ವಿಂಗ್‌ನಲ್ಲಿ ಬೆನ್ನಿಗೆ ಗಟ್ಟಿ ಪ್ಲೇಟು, ಅದಕ್ಕೆ ಕಟ್ಟಿದ ಗಾಳಿಚೀಲವೇ ವಿಂಗ್. ವರ್ಷಕ್ಕೊಮ್ಮೆ ನೇತ್ರಾಣಿ ದ್ವೀಪಕ್ಕೆ ಹೋಗಿ ನಾಲ್ಕು ಡೈವ್ ಮಾಡುವವರು ಎರಡನ್ನೂ ಕೊಳ್ಳಬೇಡಿ, ಬಾಡಿಗೆ ಜಾಕೆಟ್ ಧಾರಾಳ ಸಾಕು.

ಜಾಕೆಟ್‌ನ ಗಾಳಿಚೀಲ ಪಕ್ಕೆಗಳವರೆಗೂ ಸುತ್ತಿರುತ್ತದೆ. ದೋಣಿಗಾಗಿ ಕಾಯುವಾಗ ನೀರಿನ ಮೇಲೆ ನೆಟ್ಟಗೆ ನಿಲ್ಲಿಸುತ್ತದೆ. ಪೂರ್ತಿ ಊದಿದರೆ ಮಾತ್ರ ಹೊಟ್ಟೆ ಹಿಂಡುತ್ತದೆ. ವಿಂಗ್‌ನಲ್ಲಿ ಗಾಳಿಯೆಲ್ಲ ಬೆನ್ನ ಹಿಂದೆ, ಹಾಗಾಗಿ ಮೈ ಅಡ್ಡವಾಗಿ ಸಮತಲಕ್ಕೆ ಬರುವುದು ಸುಲಭ. ಮೇಲೆ ಬಂದಾಗ ಅತಿಯಾಗಿ ಊದಿದರೆ ಮುಖ ನೀರಿಗೆ ತಳ್ಳುತ್ತದೆ ಎಂಬ ದೂರು ನಿಜವೇ. ಗದ್ದ ನೀರಿನ ಮೇಲೆ ಬರುವಷ್ಟೇ ಊದಿ, ಹಿಂದಕ್ಕೆ ಒರಗಿ.

ತೂಕದ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಸುಮಾರು 2 ಕಿಲೋ ಹಗುರವಾಗಿ ತೇಲತೊಡಗುತ್ತದೆ. ಸ್ಟೀಲ್ ಪ್ಲೇಟ್ ತಾನೇ ಎರಡೂವರೆ ಕಿಲೋ ಆಸುಪಾಸು ತೂಗುವುದರಿಂದ ಇದನ್ನು ಸರಿದೂಗಿಸಿ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಅಷ್ಟು ಕಮ್ಮಿಯಾಗುತ್ತದೆ. ವಿಮಾನದಲ್ಲಿ ಒಯ್ಯುವುದಿದ್ದರೆ ಅಲ್ಯುಮಿನಿಯಂ ಪ್ಲೇಟ್ ಲೇಸು. ತೆಳು ವೆಟ್‌ಸೂಟು (ಮೈಗಂಟುವ ಡೈವಿಂಗ್ ಉಡುಪು), ಒಂದೇ ಸಿಲಿಂಡರ್ ಆದರೆ 13 ಕಿಲೋ ಎತ್ತುವ ವಿಂಗ್ ಸಾಕು. ದೊಡ್ಡದು ಕೊಂಡರೆ ಸಡಿಲ ಚೀಲದಲ್ಲಿ ಗಾಳಿ ಅತ್ತಿತ್ತ ಓಡಾಡಿ ಮೈ ವಾಲಿಸುತ್ತದೆ.

ಯಾವುದೇ ಇರಲಿ, ಅಂಗಡಿಯಲ್ಲೇ ಹಾಕಿಕೊಂಡು ಪೂರ್ತಿ ಊದಿಸಿ ದೀರ್ಘ ಉಸಿರು ಎಳೆದು ನೋಡಿ. ಡೈವ್ ಆದ ಮೇಲೆ ಚೀಲದೊಳಕ್ಕೂ ಸಿಹಿನೀರು ಬಿಟ್ಟು ಕುಲುಕಿ ಚೆಲ್ಲಿ. ಚೀಲಕ್ಕೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಯಲ್ಲಿ ಉಪ್ಪು ಕಟ್ಟಿದರೆ ಒತ್ತಿದ್ದು ವಾಪಸ್ ಬರದೆ ಚೀಲ ಊದುತ್ತಲೇ ಹೋಗುತ್ತದೆ. ಆಗ ಮೊದಲು ಇನ್‌ಫ್ಲೇಟರ್‌ಗೆ ಗಾಳಿ ತರುವ ಹೋಸ್ ಕಳಚಿ, ಜೊತೆಗೇ ಚೀಲದ ಗಾಳಿ ಹೊರಬಿಡಿ.