ಬಿನೊಂಡೊಗೆ ಹೋಗಿ ಒಂದೇ ಹೋಟೆಲಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ

ಸರ್, ನಿಮ್ಮ ಪೋಸ್ಟ್ ನೋಡಿ ಸುಮ್ನಿರೋಕೆ ಆಗಲಿಲ್ಲ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮನಿಲಾದ ಚೈನಾಟೌನ್ ಆದ ಬಿನೊಂಡೊಗೆ ಹೋಗಿದ್ದೀರಿ. ಒಂಗ್‌ಪಿನ್ ಬೀದಿಯಲ್ಲಿ ಎಸಿ ಇರುವ ದೊಡ್ಡ ಹೋಟೆಲಲ್ಲಿ ಕೂತು ಸೂಪು, ಫ್ರೈಡ್ ರೈಸು, ನೂಡಲ್ಸು, ಸ್ವೀಟ್ ಅಂಡ್ ಸೋರ್ ಪೋರ್ಕು ಅಂತ ಮೇಜು ತುಂಬ ತರಿಸಿದ್ದೀರಿ. ಆಮೇಲೆ ಹೊಟ್ಟೆಯಲ್ಲಿ ಜಾಗ ಇಲ್ಲ ಅಂತ ಲುಂಪಿಯಾ (ತೆಳು ಹಾಳೆಯಲ್ಲಿ ಪಲ್ಯ ಸುತ್ತಿದ ಸುರುಳಿ) ಪಾರ್ಸೆಲ್ ಮಾಡಿಸಿ, ರಾತ್ರಿ ರೂಮಲ್ಲಿ ಬಿಚ್ಚಿ ನೋಡಿದರೆ ಹಿಟ್ಟಿನ ಮುದ್ದೆ. ಕೊನೆಗೆ 'ಬಿನೊಂಡೊ ಅಷ್ಟೇನಲ್ಲ' ಅಂತ ತೀರ್ಪು! ಮನಿಲಾಕ್ಕೆ ಬಂದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ, ಲುಂಪಿಯಾ ಪಾರ್ಸೆಲ್ ಸಮೇತ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಅಲ್ಲಿ ಒಂದು ಅಂಗಡಿಗೆ ಒಂದೇ ಐಟಂ. ಅದೂ ಇಬ್ಬರಿಗೆ ಒಂದು ಪ್ಲೇಟು. ಎದ್ದು ನಡೀತಾ ಇರಿ. ಅನ್ನ, ನೂಡಲ್ಸ್ ಕೊನೆಗೆ. ಈ ಕ್ರಮ ತಪ್ಪಿದರೆ ಎರಡನೇ ಅಂಗಡಿಗೇ ಆಟ ಮುಗೀತು.

ಗ್ರಾಬ್ ಟ್ಯಾಕ್ಸಿ ಹತ್ತಿ ಒಂಗ್‌ಪಿನ್ ಮಧ್ಯಕ್ಕೆ ಹೋಗಬೇಡಿ, ಟ್ರಾಫಿಕ್‌ನಲ್ಲೇ ಅರ್ಧ ದಿನ ಹೋಗುತ್ತೆ. ಎಲ್‌ಆರ್‌ಟಿ-1 ರೈಲಿನಲ್ಲಿ ಕಾರಿಯೆಡೊ ಸ್ಟೇಷನ್‌ಗೆ ಬನ್ನಿ. ಸಾಂಟಾ ಕ್ರೂಸ್ ಚರ್ಚ್ ದಾಟಿದರೆ ಒಂಗ್‌ಪಿನ್ ಬೀದಿ ಶುರು. ಆ ತುದಿಯಲ್ಲಿ ಬಿನೊಂಡೊ ಚರ್ಚು. ಎರಡು ಚರ್ಚುಗಳ ನಡುವೆಯೇ ನಿಮ್ಮ ಊಟ. ಬೆಳಗ್ಗೆ ಬೇಗ ಹೋಗಿ. ದಾರಿಯಲ್ಲಿ ಟಾಹೊ ಮಾರುವವರು ಸಿಕ್ಕರೆ ಅಲ್ಲೇ ಶುರು ಮಾಡಿ: ಬಿಸಿ ಸೋಯಾ ಗಿಣ್ಣು, ಮೇಲೆ ಕಂದು ಸಕ್ಕರೆ ಪಾಕ, ಸಾಬಕ್ಕಿ. ಸಣ್ಣ ಕಪ್ಪು ತಗೊಳ್ಳಿ ಸಾಕು. ಕುದುರೆ ಗಾಡಿಯವರು, ಅಂದರೆ ಕಲೆಸಾದವರು, ಕರೀತಾರೆ. ಹತ್ತಲೇಬೇಕು ಅನ್ನಿಸಿದರೆ ಬಾಡಿಗೆ ಮೊದಲೇ ಮಾತಾಡಿ. ಅದು ತಲೆಗೋ ಗಾಡಿಗೋ ಅಂತಲೂ ಕೇಳಿಕೊಳ್ಳಿ.

ಈಗ ಲುಂಪಿಯಾ ವಿಷಯ. ಕರಿದ ಲುಂಪಿಯಾ ಬೇರೆ, ನೀವು ತಂದದ್ದು ಫ್ರೆಶ್ ಲುಂಪಿಯಾ. ಕಿಂಟಿನ್ ಪಾರೆಡೆಸ್ ಬೀದಿಯಲ್ಲಿ ಒಂದು ಹಳೇ ಕಟ್ಟಡ ಇದೆ. ಅದರೊಳಗೆ ನ್ಯೂ ಪೊ ಹೆಂಗ್ ಅನ್ನೋ ಲುಂಪಿಯಾ ಅಂಗಡಿ. ಹೊರಗಿನಿಂದ ನೋಡಿದರೆ ಆಫೀಸು ಅನ್ನಿಸುತ್ತೆ, ಧೈರ್ಯವಾಗಿ ಒಳಗೆ ಹೋಗಿ. ತೆಳು ಮೆತ್ತನೆ ಹಾಳೆಯೊಳಗೆ ಸಣ್ಣಗೆ ಹೆಚ್ಚಿ ಬೇಯಿಸಿದ ಕೋಸು, ಕ್ಯಾರೆಟ್, ತೋಫು. ಅದರ ಮೇಲೆ ಸಕ್ಕರೆ ಬೆರೆಸಿದ ಕಡಲೆಕಾಯಿ ಪುಡಿ, ಕೂದಲಿನ ಎಳೆಯಂಥ ಗರಿಗರಿ ಸಮುದ್ರ ಪಾಚಿ. ಸೊಗಸೆಲ್ಲ ಆ ಪುಡಿ, ಆ ಪಾಚಿ ಹಲ್ಲಿಗೆ ಸಿಗುವುದರಲ್ಲಿದೆ. ಪಲ್ಯದಲ್ಲಿ ನೀರಿನಂಶ ಇರುತ್ತೆ. ಸಕ್ಕರೆ ಅದನ್ನು ಎಳೆದುಕೊಂಡು ಕರಗುತ್ತೆ, ಪಾಚಿ ಮೆತ್ತಗಾಗುತ್ತೆ, ಹಾಳೆ ಒಳಗಿನಿಂದ ನೆನೆಯುತ್ತೆ. ಹೊತ್ತು ಕಳೆದಷ್ಟೂ ಕೆಡುತ್ತೆ. ಫ್ರಿಜ್‌ನಲ್ಲಿಟ್ಟರೆ ಹಾಳೆ ಒಣಗಿ ಬಿರುಕೂ ಬಿಡುತ್ತೆ. ಮೈಕ್ರೋವೇವ್ ಅಂತೂ ಕೇಳಲೇಬೇಡಿ. ತಟ್ಟೆಗೆ ಬಂದ ಕೂಡಲೇ ತಿನ್ನಿ. ಕಂದು ಸಿಹಿ ಸಾಸನ್ನು ಪೂರ್ತಿ ಮೇಲೆ ಸುರಿಯಬೇಡಿ. ತುದಿ ಕಚ್ಚಿ, ಆ ಜಾಗಕ್ಕೆ ಒಂದು ಚಮಚ ಸಾಸು, ಚೂರು ಖಾರ ಹಾಕಿ, ಇನ್ನೊಂದು ತುತ್ತು. ಮನೆಗೆ ಬೇಕೇ ಬೇಕು ಅಂದರೆ ಹಾಳೆ, ಪಲ್ಯ, ಪುಡಿ ಬೇರೆಬೇರೆ ಕಟ್ಟಿಕೊಡುತ್ತಾರಾ ಕೇಳಿ ನೋಡಿ. ಇಲ್ಲಿನ ಚೀನೀ ಮನೆಗಳಲ್ಲಿ ಎಲ್ಲವನ್ನೂ ಮೇಜಿನ ಮೇಲಿಟ್ಟು ಅವರವರೇ ಸುತ್ತಿಕೊಳ್ಳುತ್ತಾರೆ.

ಆಮೇಲೆ ಯುಚೆಂಗ್ಕೊ ಬೀದಿಯ ಡಾಂಗ್ ಬೇ. ಪುಟ್ಟ ಅಂಗಡಿ, ಕಣ್ಣೆದುರೇ ಡಂಪ್ಲಿಂಗ್ ಮಡಚುತ್ತಿರುತ್ತಾರೆ. ಕುಚಾಯ್ ಅಂದರೆ ಬೆಳ್ಳುಳ್ಳಿ ವಾಸನೆಯ ಹುಲ್ಲಿನಂಥ ಸೊಪ್ಪು. ಅದು, ಹಂದಿ ಮಾಂಸ ಸೇರಿದ ಡಂಪ್ಲಿಂಗೇ ಅಲ್ಲಿನ ಹೆಸರುವಾಸಿ ಐಟಂ. ಪ್ಲೇಟಲ್ಲಿ ಜಾಸ್ತಿಯೇ ಇರುತ್ತೆ. ನಾಲ್ಕು ಜನಕ್ಕೆ ಒಂದು ಪ್ಲೇಟು ಸಾಕು. ಸೋಯಾ ಸಾಸಲ್ಲಿ ಮುಳುಗಿಸಬೇಡಿ ದಯವಿಟ್ಟು, ವಿನೆಗರ್ ಜಾಸ್ತಿ, ಸೋಯಾ ಕಮ್ಮಿ. ಒಂಗ್‌ಪಿನ್‌ನ ಶಾಂಘಾಯ್ ಫ್ರೈಡ್ ಸಿಯೋಪಾವ್ (ಒಳಗೆ ಹೂರಣ ತುಂಬಿದ ಬನ್ನು) ಮಾತ್ರ ನಿಂತೇ ತಿನ್ನಿ. ಮೇಲೆ ಮೆತ್ತಗೆ, ತಳ ಕಂದಾಗಿ ಗರಿಗರಿ. ಒಳಗಿನ ರಸ ಕುದೀತಿರುತ್ತೆ. ಗಬಕ್ಕನೆ ಕಚ್ಚಿದರೆ ನಾಲಿಗೆ ಸುಟ್ಟು ಮುಂದಿನದ್ಯಾವುದೂ ರುಚಿ ಗೊತ್ತಾಗಲ್ಲ.

ನಡುವೆ ಹೊಟ್ಟೆಗೆ ವಿರಾಮ ಬೇಕಲ್ವಾ? ಕಾರ್ವಾಹಾಲ್ ಓಣಿಗೆ ನುಗ್ಗಿ. ಮೀನು, ತರಕಾರಿ, ಹಣ್ಣು ಎಲ್ಲ ಅಲ್ಲೇ, ನೆಲ ಒದ್ದೆ, ಚಪ್ಪಲಿ ಬೇಡ, ಶೂ ಹಾಕಿ. ಇಲ್ಲಾ ಸಾಂಟೊ ಕ್ರಿಸ್ಟೊ ದೆ ಲೊಂಗೊಸ್ ಹತ್ತಿರ ಸ್ವಲ್ಪ ನಿಲ್ಲಿ. ರಸ್ತೆ ಬದಿಯಲ್ಲೇ ಶಿಲುಬೆ, ಅದಕ್ಕೆ ಹೂವಿನ ಹಾರ, ಮುಂದೆ ಊದುಬತ್ತಿ. ಜನ ಊದುಬತ್ತಿ ಹಿಡಿದು ಕೈಮುಗಿದು, ಶಿಲುಬೆ ಗುರುತೂ ಹಾಕಿಕೊಂಡು ಹೋಗುತ್ತಾರೆ. 1594ರಲ್ಲಿ ಸ್ಪೇನಿನ ಗವರ್ನರ್ ದಾಸ್ಮರಿನಾಸ್ ಕ್ರೈಸ್ತರಾದ ಚೀನೀಯರಿಗೆ ಅಂತ ಮಾಡಿಸಿದ ಊರು ಈ ಬಿನೊಂಡೊ. ಹಳೇ ಹೋಟೆಲುಗಳ ಮೆನುವಿನಲ್ಲಿ ಚೀನೀ ಫ್ರೈಡ್ ರೈಸಿಗೆ 'ಮೊರಿಸ್ಕೆಟಾ ಟೊಸ್ಟಾಡಾ' ಅಂತ ಸ್ಪ್ಯಾನಿಷ್ ಹೆಸರಿರೋದೂ ಆ ಕಾಲದ ಬಳುವಳಿ. ಅದನ್ನು ನೋಡಬೇಕು ಅಂದರೆ 1888ರಿಂದ ಇರುವ ಟೊಹೊ ಪನ್ಸಿಟೇರಿಯಾ ಅನ್ನೋ ಹೋಟೆಲಿಗೆ ಹೋಗಿ. ಆದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಇದೇ ಸುತ್ತಿನಲ್ಲಿ ತುರುಕಬೇಡಿ.

ಭಾರೀ ಐಟಂ ಕೊನೆಗೆ ಅಂದೆನಲ್ಲ, ನನ್ನ ಮಟ್ಟಿಗೆ ಅದು ಚುವಾನ್ ಕೀ ಹೋಟೆಲಿನ ಕಿಯಾಂಪೊಂಗ್. ಅಂಟು ಅಕ್ಕಿಯ ಮಸಾಲೆ ಅನ್ನ, ಮೇಲೆ ಕಡಲೆಕಾಯಿ ಬೀಜ. ಜೊತೆಗೆ ಮಾಕಿ ಮಿ, ಗಟ್ಟಿ ಕಂದು ಸೂಪಿನಲ್ಲಿ ಹಂದಿ ಮಾಂಸ. ಸೂಪಿಗೆ ವಿನೆಗರ್ ಹಾಕದೆ ತಿಂದು 'ಅಂಟಂಟು' ಅಂತ ಬೈಯುವವರನ್ನು ನೋಡಿದ್ದೀನಿ. ಹಾಕಿ ನೋಡಿ ಆಮೇಲೆ ಬೈಯಿರಿ. ರೋಸ್ಟ್ ಡಕ್ ಪ್ರಿಯರು ಬೆನಾವಿಡೆಸ್ ಬೀದಿಯ ವಾಯ್ ಯಿಂಗ್‌ಗೆ ಹೋಗಬಹುದು. ಮಧ್ಯಾಹ್ನ ಕ್ಯೂ ಇರುತ್ತೆ, ಗೊಣಗಬೇಡಿ.

ನಿಮ್ಮ ಪೋಸ್ಟ್ ಕೆಳಗೆ ಮೇಡಂ ಒಬ್ಬರು 'ವೆಜ್ ಏನು ಸಿಗುತ್ತೆ' ಅಂತ ಕೇಳಿದ್ದಾರೆ. ಹಸಿರು ಕಂಡ ಕೂಡಲೇ ವೆಜ್ ಅಂದುಕೊಳ್ಳಬೇಡಿ. ಲುಂಪಿಯಾ ಪಲ್ಯದಲ್ಲಿ ಚೂರು ಮಾಂಸವೋ ಸಿಗಡಿಯೋ ಇರಬಹುದು, ಸಾಸಲ್ಲಿ ಆಯ್ಸ್ಟರ್ ಇರಬಹುದು, ಕರಿದದ್ದು ಹಂದಿ ಕೊಬ್ಬಿನಲ್ಲಿ ಇರಬಹುದು. 'ವಲಾಂಗ್ ಬಾಬೊಯ್' ಅಂದರೆ ಹಂದಿ ಇಲ್ಲ ಅಂತ ಅಷ್ಟೇ, ಕೋಳಿ, ಮೀನು ಇಲ್ಲ ಅಂತಲ್ಲ! ಬೌದ್ಧರ ಸಸ್ಯಾಹಾರಿ ಹೋಟೆಲ್ ಹುಡುಕಿಕೊಂಡು ಹೋಗುವುದೇ ನೆಮ್ಮದಿ. ಅಲ್ಲಿ ಸೋಯಾ, ಗ್ಲೂಟನ್‌ನಿಂದ ಮಾಡಿದ 'ಮಾಂಸ' ನೋಡಿ ಗಾಬರಿಯಾಗಬೇಡಿ. ಟಾಹೊ ತೊಂದರೆಯಿಲ್ಲ.

ಪಾರ್ಸೆಲ್ ತರಲೇಬೇಕು ಅಂದರೆ ಹೋಪಿಯಾ ತನ್ನಿ. ಪದರ ಪದರ ಹಿಟ್ಟಿನೊಳಗೆ ಹೆಸರುಬೇಳೆ ಸಿಹಿ, ನಮ್ಮ ಹೋಳಿಗೆ ಹೂರಣದ ಹಾಗೆ. ಎಂಗ್ ಬೀ ಟಿನ್ ಅನ್ನೋ ಹೋಪಿಯಾ ಅಂಗಡಿ 1912ರಿಂದ ಇದೆ. 1980ರ ದಶಕದಲ್ಲಿ ವ್ಯಾಪಾರ ಕುಸಿದಾಗ ಅದನ್ನು ಎತ್ತಿದ್ದು ನೇರಳೆ ಗೆಣಸಿನ ಉಬೆ ಹೋಪಿಯಾ. ಆ ಮನೆಯವರು ಸ್ವಯಂಸೇವಕ ಅಗ್ನಿಶಾಮಕರಿಗೆ ನೆರವಾಗುತ್ತಾರೆ, ಅದಕ್ಕೇ ಅಲ್ಲಿನ ಫೈರ್ ಇಂಜಿನ್ನೂ ನೇರಳೆ. ಉಬೆ ನನಗೂ ಇಷ್ಟ, ಆದರೆ ಬರೀ ಹೆಸರುಬೇಳೆಯದ್ದಕ್ಕೆ ನಾನು ಹೋ-ಲ್ಯಾಂಡ್ ಅನ್ನೋ ಇನ್ನೊಂದು ಅಂಗಡಿ ಕಡೆಯವಳು. ಜಗಳ ಆಡೋರು ಆಡಿ. 'ಬಾಬೊಯ್' ಅಂತ ಬರೆದಿದ್ದರೆ ಹಂದಿ ಕೊಬ್ಬಿನದ್ದು. ಬರೆಯದಿದ್ದರೂ ಹಿಟ್ಟಿಗೆ ಹಂದಿ ಕೊಬ್ಬು (ಲಾರ್ಡ್) ಹಾಕಿರಬಹುದು, ಲೇಬಲ್ ಓದಿ. ಊರಿಗೆ ಒಯ್ಯುವವರು ಡೇಟ್ ನೋಡಿ ಕೊನೇ ದಿನ ಕೊಳ್ಳಿ.

ಚೀನೀ ಹೊಸ ವರ್ಷದ ಸಮಯದಲ್ಲಿ ಮೊದಲ ಸಲ ಹೋಗಬೇಡಿ, ಕಾಲಿಡೋಕೂ ಜಾಗ ಇರಲ್ಲ. ಮಳೆಗಾಲದಲ್ಲಿ ನೀರು ನಿಲ್ಲುತ್ತೆ. ಸಣ್ಣ ಅಂಗಡಿಗಳಿಗೆ ಚಿಲ್ಲರೆ ಪೆಸೊ ಇರಲಿ. ಟಾಯ್ಲೆಟ್ ಬೇಕಾದರೆ ಲಕ್ಕಿ ಚೈನಾಟೌನ್ ಮಾಲ್‌ಗೆ ಹೋಗಿ.

ಟಿಕೊಯ್, ಅಂದರೆ ಅಂಟು ಅಕ್ಕಿಯ ಸಿಹಿ ಕೇಕು, ಕೊಂಡವರಿಗೆ ಒಂದು ಮಾತು. ಡಬ್ಬದಿಂದ ತೆಗೆದು ಹಾಗೇ ಕಚ್ಚಿ 'ರಬ್ಬರ್' ಅನ್ನಬೇಡಿ. ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿ, ಚಾಕುವಿಗೆ ಎಣ್ಣೆ ಸವರಿ ತೆಳ್ಳಗೆ ಕುಯ್ಯಿರಿ. ಕಲಕಿದ ಮೊಟ್ಟೆಯಲ್ಲಿ ಅದ್ದಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಮೊಟ್ಟೆ ತಿನ್ನದವರು ತೆಳ್ಳಗೆ ಕಲಸಿದ ಅಕ್ಕಿ ಹಿಟ್ಟಿನಲ್ಲಿ ಅದ್ದಬಹುದು. ಬಾಣಲೆಯಲ್ಲಿ ಒಂದಕ್ಕೊಂದು ತಾಗಿಸಬೇಡಿ, ಅಂಟಿಕೊಂಡರೆ ಬಿಡಿಸೋಕೆ ಆಗಲ್ಲ.