ತಪ್ಪು ಮಾಡಿದವನಿಗೇ ಸಿಟ್ಟೇಕೆ?

ಪ್ರಶ್ನೆ: ಖಾಲಿದ್ ಹೊಸ್ಸೇನಿ ಅವರ ‘ದಿ ಕೈಟ್ ರನ್ನರ್’ ಕಾದಂಬರಿಯಲ್ಲಿ ಅಮೀರ್, ತನಗಾಗಿ ಗಾಳಿಪಟ ತರಲು ಹೋದ ಹಸನ್ ಮೇಲೆ ದೌರ್ಜನ್ಯ ನಡೆಯುವುದನ್ನು ಮರೆಯಲ್ಲಿ ನಿಂತು ನೋಡಿ ಸುಮ್ಮನಿರುತ್ತಾನೆ. ಮುಂದೆ ಅವನ ಮೇಲೆಯೇ ಕಳ್ಳತನ ಹೊರಿಸುತ್ತಾನೆ. ಪಾಪಪ್ರಜ್ಞೆಯಿಂದ ನರಳುವವನು ಕ್ಷಮೆ ಕೇಳುವ ಬದಲು ಹೀಗೆ ನಡೆದುಕೊಳ್ಳುವುದು ಸಹಜವೇ?

ಉತ್ತರ: ಸಹಜವೇ ಎನ್ನಬೇಕಾಗುತ್ತದೆ. ಆದರೆ ಅದರ ಕಾರಣವನ್ನು ಅಮೀರನ ಸ್ವಭಾವದಲ್ಲಿ ಮಾತ್ರ ಹುಡುಕಿದರೆ ಸಾಲದು. ಈ ಗೆಳೆತನ ಬೆಳೆದದ್ದು ಕಾಬೂಲಿನ ಶ್ರೀಮಂತ ಬಡಾವಣೆಯ ಒಂದೇ ಆವರಣದಲ್ಲಿ. ಅಮೀರ್ ದೊಡ್ಡ ಮನೆಯ ಹುಡುಗ, ಅಫ್ಘಾನಿಸ್ತಾನದ ಪ್ರಬಲ ಸಮುದಾಯವಾದ ಪಶ್ತೂನರವನು. ಹಸನ್ ಅದೇ ಆವರಣದ ಮಣ್ಣಿನ ಗುಡಿಸಲಿನಲ್ಲಿರುವ ಸೇವಕನ ಮಗ, ಅಲ್ಲಿ ಕೀಳಾಗಿ ಕಾಣಲಾಗುತ್ತಿದ್ದ ಹಜಾರಾ ಸಮುದಾಯದವನು. ಇಬ್ಬರೂ ಒಬ್ಬಳೇ ದಾದಿಯ ಹಾಲು ಕುಡಿದವರು. ಹಾಗಿದ್ದರೂ ಒಬ್ಬ ಶಾಲೆಗೆ ಹೋಗುತ್ತಾನೆ, ಇನ್ನೊಬ್ಬ ಅವನ ಬಟ್ಟೆಗೆ ಇಸ್ತ್ರಿ ಹಾಕುತ್ತಾನೆ. ಓದು ಬಾರದ ಹಸನನಿಗೆ ಕಥೆ ಓದಿ ಹೇಳುವಾಗ ಅಮೀರ್ ಪ್ರೀತಿಯನ್ನೂ ತೋರುತ್ತಾನೆ, ಅವನ ಅಜ್ಞಾನವನ್ನು ಗುಟ್ಟಾಗಿ ಆಡಿಕೊಂಡು ಸಂತೋಷವನ್ನೂ ಪಡುತ್ತಾನೆ. ತರತಮದ ಭಾವ ದ್ವೇಷದ ರೂಪದಲ್ಲಿಯೇ ಇರಬೇಕೆಂದಿಲ್ಲ, ಅಕ್ಕರೆಯ ಒಳಗೇ ಹಾಯಾಗಿ ಇರಬಲ್ಲದು ಎಂಬುದನ್ನು ಈ ಪುಟಗಳಷ್ಟು ಚೆನ್ನಾಗಿ ಆ ಕಾದಂಬರಿಯ ದೊಡ್ಡ ಘಟನೆಗಳೂ ಹೇಳುವುದಿಲ್ಲ.

1975ರ ಚಳಿಗಾಲದ ಆ ದಿನ ಅಮೀರನನ್ನು ತಡೆದದ್ದು ಮೊದಲಿಗೆ ಭಯ. ಅದಕ್ಕಾಗಿ ಹನ್ನೆರಡು ವರ್ಷದ ಹುಡುಗನನ್ನು ಕಟುವಾಗಿ ದೂರಲಾಗದು. ಆದರೆ ಆ ಗಾಳಿಪಟ ತಂದುಕೊಡಲಿದ್ದ ತಂದೆಯ ಮೆಚ್ಚುಗೆಗಾಗಿ ತೆರಬೇಕಾದ ಬೆಲೆ ಹಸನನೇ ಇರಬಹುದು ಎಂದು ಯೋಚಿಸುವ ಅವನ ಮನಸ್ಸು, ಹೇಗಿದ್ದರೂ ಅವನೊಬ್ಬ ಹಜಾರಾ ತಾನೇ ಎಂಬ ಸಮಾಧಾನವನ್ನೂ ತಂದುಕೊಳ್ಳುತ್ತದೆ. ಈ ಸಮಾಧಾನವನ್ನು ಅವನು ಹೊಸದಾಗಿ ಕಟ್ಟಿಕೊಳ್ಳಬೇಕಾಗಿರಲಿಲ್ಲ, ಸುತ್ತಲಿನ ಸಮಾಜ ಅದನ್ನು ಮೊದಲೇ ಸಿದ್ಧಪಡಿಸಿ ಇಟ್ಟಿತ್ತು.

ಆಮೇಲೆ ಹಸನನ ನಿಷ್ಠೆಯೇ ಅವನಿಗೆ ಅಸಹನೀಯವಾಗುತ್ತದೆ. ದಾಳಿಂಬೆ ಹಣ್ಣುಗಳನ್ನು ಹಸನನ ಮೇಲೆ ಎಸೆದು, ತಿರುಗಿ ಹೊಡೆಯೆಂದು ಕಾಡುವ ದೃಶ್ಯವನ್ನು ನೆನಪಿಸಿಕೊಳ್ಳಿ. ಅವನು ಬಯಸುವುದು ಕ್ಷಮೆಯನ್ನಲ್ಲ, ಶಿಕ್ಷೆಯನ್ನು. ಒಂದು ಏಟು ಬಿದ್ದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಹಸನ್ ಹೊಡೆಯುವುದಿಲ್ಲ, ಒಂದು ಹಣ್ಣನ್ನು ತನ್ನ ಹಣೆಗೇ ಒಡೆದುಕೊಳ್ಳುತ್ತಾನೆ. ಸಮಾನರಾದ ಗೆಳೆಯರ ನಡುವೆ ಇಂಥ ಸಂಕಟ ಜಗಳದಲ್ಲೋ ಮಾತು ಬಿಡುವುದರಲ್ಲೋ ಮುಗಿಯುತ್ತದೆ. ಅಮೀರನ ಕೈಯಲ್ಲಿ ಬೇರೆಯದೇ ಸಾಧನವಿದೆ: ಹಾಸಿಗೆಯ ಕೆಳಗೆ ಕೈಗಡಿಯಾರವನ್ನೂ ಹಣವನ್ನೂ ಬಚ್ಚಿಟ್ಟರೆ ಸಾಕು, ಸೇವಕನ ಮಗ ಕಳ್ಳನಾಗುತ್ತಾನೆ. ಪಾಪಪ್ರಜ್ಞೆ ಇಬ್ಬರಲ್ಲಿ ಯಾರಿಗೂ ಬರಬಹುದು, ಅದರ ಕಾರಣವನ್ನು ಕಣ್ಣೆದುರಿನಿಂದ ಅಟ್ಟಿಬಿಡುವ ಅಧಿಕಾರ ಮಾತ್ರ ಒಬ್ಬನಿಗೇ ಇತ್ತು.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ವರ್ಷಗಳ ನಂತರ ಹಸನ್ ತನ್ನ ತಂದೆಗೇ ಹುಟ್ಟಿದವನೆಂದು ಅಮೀರನಿಗೆ ತಿಳಿಯುತ್ತದೆ. ಅದಾದ ಮೇಲೆಯೇ ಅವನು ಹಸನನ ಮಗನನ್ನು ಕರೆತರಲು ಕಾಬೂಲಿಗೆ ಹೊರಡುತ್ತಾನೆ. ಕಥೆಗೆ ಇದು ಬಿಗಿ ತಂದಿರಬಹುದು, ಆದರೆ ನನಗೆ ಇದು ಕಾದಂಬರಿಯ ದೌರ್ಬಲ್ಯವಾಗಿಯೇ ಕಾಣುತ್ತದೆ. ಹಸನ್ ಕೇವಲ ಸೇವಕನ ಮಗನಾಗಿಯೇ ಉಳಿದಿದ್ದರೆ ಆ ಋಣ ಅಷ್ಟೇ ಭಾರವಾಗಿರುತ್ತಿತ್ತೇ ಎಂಬ ಪ್ರಶ್ನೆಯನ್ನು ಕಾದಂಬರಿ ಎದುರಿಸದಂತೆ ಈ ರಕ್ತಸಂಬಂಧ ಮಾಡಿಬಿಡುತ್ತದೆ.